ಸಾರ್, ಈ ಪಟ್ಟಿ ಇಲ್ಲಿ ಬೇಡ

ನಮ್ಮ ಶನಿವಾರದ ಕನ್ನಡ ಕ್ಲಾಸಿನ ಸ್ವಯಂಸೇವಕರ ಮೀಟಿಂಗಿನಲ್ಲಿ ಹಿರಿಯರೊಬ್ಬರು ಪ್ರತಿ ವಾರ ಸಾಫ್ಟ್‌ವೇರ್ ಕೆಲಸಗಳ ಪಟ್ಟಿ ಹಂಚುತ್ತಿದ್ದರು. ಕಾಗುಣಿತದ ಮಾತು ಹೋಗಿ ರೆಸ್ಯೂಮೆ ಮಾತು ಶುರುವಾಗುತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ಎಲ್ಲರೆದುರು ಬೇಡವೆಂದು ಪಾರ್ಕಿಂಗ್ ಲಾಟ್‌ನಲ್ಲಿ ಹೇಳಿದೆ: "ಸಾರ್, ತಪ್ಪು ತಿಳೀಬೇಡಿ. ಮೀಟಿಂಗಿನಲ್ಲಿ ಪಾಠದ ವಿಷಯ ಮಾತ್ರ ಇರಲಿ."

"ನಮ್ಮಲ್ಲೇ ಒಬ್ಬರಿಗೆ ಕೆಲಸ ಹೋಗಿದೆಯಪ್ಪಾ. ನನ್ನ ಹತ್ತಿರ ಮಾತ್ರ ಹೇಳಿದ್ದಾರೆ. ಅವರೊಬ್ಬರಿಗೇ ಕೊಟ್ಟರೆ ಗುಟ್ಟು ರಟ್ಟಾಗುತ್ತೆ, ಅದಕ್ಕೇ ಎಲ್ಲರಿಗೂ ಹಂಚ್ತೀನಿ" ಎಂದರು.

ಅಮೆರಿಕದಲ್ಲಿ ಎಚ್-1ಬಿಯವರಿಗೆ ಕೆಲಸ ಹೋದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. 2017ಕ್ಕೆ ಮುಂಚೆ ಅದೂ ಇರಲಿಲ್ಲ. ನನಗೂ ಆ ಲೆಕ್ಕ ಬಾಯಿಪಾಠ.

ಈಗ ಪಟ್ಟಿ ಕಾಫಿ ಫ್ಲಾಸ್ಕಿನ ಪಕ್ಕದಲ್ಲಿರುತ್ತದೆ. ಕ್ಲಾಸು ಮುಗಿದ ಮೇಲೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಯಾರು ತೆಗೆದುಕೊಂಡರೆಂದು ನಾವು ನೋಡುವುದಿಲ್ಲ.