ಹಳೇ ಕುರ್ಚಿಗೆ ಹೊಸ ಕಾಲು, ಬಣ್ಣದ್ದೇ ಗೋಳು

ಬೆಂಗಳೂರಿನ ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಲ್ಲಿನ ಹಳೇ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಿಗೆ ಜಾಗ ಬಿಟ್ಟುಕೊಡುತ್ತಿವೆ. ತಾತನ ಕಾಲದ ತೇಗದ ಕುರ್ಚಿ, ಉಯ್ಯಾಲೆ ಮಣೆ, ಕಬ್ಬಿಣದ ಬೀರುಗಳು ಮಾತ್ರ ಲಿಫ್ಟ್ ಹತ್ತಿ ಹೊಸ ಫ್ಲ್ಯಾಟಿಗೂ ಬರುತ್ತವೆ. ಮುರಿದ ಕಾಲಿನ ಜಾಗದಲ್ಲಿ ಬಡಗಿ ಹೊಸ ಕಾಲು ಕೂರಿಸಿಕೊಡುತ್ತಾನೆ. ಪೇಚಾಟ ಶುರುವಾಗುವುದು ಆಮೇಲೆ: ಮೂರು ಕಾಲು ಕಾಫಿ ಡಿಕಾಕ್ಷನ್ ಬಣ್ಣ, ನಾಲ್ಕನೆಯದು ಪೇಲವ ಹಳದಿ.

ಹೊಸದಾಗಿ ಕೊಯ್ದ ತೇಗ ಇರುವುದೇ ಹಾಗೆ. ಬೆಳಕು, ಗಾಳಿ ತಾಗುತ್ತಾ ಹೊಂಬಣ್ಣಕ್ಕೆ ತಿರುಗಿ, ವರ್ಷಗಳು ಕಳೆದಂತೆ ಕಂದಾಗುತ್ತದೆ. ಅಷ್ಟು ಕಾಲದ ಬಣ್ಣವನ್ನು ಪಾಲಿಶ್ ಕೆಲಸದವರು ಒಂದೆರಡು ದಿನದಲ್ಲಿ ತರಬೇಕು. ಅವರು ಮೊದಲು ಹೊಸ ಕಾಲನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸುತ್ತಾರೆ. ಪಾಲಿಶ್ ಬಿದ್ದ ಮೇಲೆ ಮರ ಹೇಗೆ ಕಾಣುತ್ತದೆಂಬುದು ಆ ಒದ್ದೆ ಆರುವ ಮುನ್ನ ಗೊತ್ತಾಗುತ್ತದೆ. ಕೆಂಪು ಸಾಲದಿದ್ದರೆ ಚಿಟಿಕೆ ರೆಡ್ ಆಕ್ಸೈಡ್, ಮಬ್ಬು ಸಾಲದಿದ್ದರೆ ಕಣದಷ್ಟು ಕಪ್ಪು. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಫ್ರೆಂಚ್ ಪಾಲಿಶ್‌ಗೆ ಇವನ್ನು ಬೆರೆಸಿ ತೆಳ್ಳಗೆ ಎಳೆಯುತ್ತಾರೆ. ಪ್ರತಿ ಕೋಟಿಗೂ ಬಣ್ಣ ಏರುತ್ತದೆ, ಇಳಿಯುವುದಿಲ್ಲ. ಹೆಚ್ಚಾದರೆ ಸ್ಪಿರಿಟ್‌ನಲ್ಲಿ ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಮೊದಲಿಂದ ಶುರುಮಾಡಬೇಕು.

ಅರಗಿಗೂ ಈ ಸೀಮೆಗೂ ಹಳೇ ನಂಟು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯ ಹೆಸರೇ ಮೈಸೂರ್ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಒದಗಿಸುತ್ತಾ ಬಂದಿರುವುದೂ ಇದೇ ಸಂಸ್ಥೆ. ಈಗಿನ ಹೆಸರು ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್. ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳು ಅರಗನ್ನು ಕೆಂಡದ ಶಾಖದಲ್ಲಿ ಮೆದುಮಾಡಿ, ಬಣ್ಣದ ಪುಡಿ ಸೇರಿಸಿ, ಒಂದೇ ಸಮನಾಗುವವರೆಗೆ ಎಳೆದೆಳೆದು ನಾದುತ್ತಾರೆ. ತಿರುಗುವ ಮರಕ್ಕೆ ಆ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ.

ಬನಶಂಕರಿ, ಜೆಪಿ ನಗರದ ಪೇಂಟ್ ಅಂಗಡಿಗಳಲ್ಲಿ ಈಗ ಮಿಕ್ಸಿಂಗ್ ಯಂತ್ರದ ರಾಜ್ಯ. ಶೇಡ್ ಕಾರ್ಡಿನ ನಂಬರ್ ಒತ್ತಿದರೆ ಬೇಸ್ ಡಬ್ಬಿಯೊಳಗೆ ಬಣ್ಣದ ಸಾರ ಅಳತೆಯಂತೆ ಬೀಳುತ್ತದೆ, ಇನ್ನೊಂದು ಯಂತ್ರ ಡಬ್ಬಿಯನ್ನು ಕುಲುಕಿ ಕೊಡುತ್ತದೆ. ಹೊಸ ಕಪಾಟಿಗೆ ಇಷ್ಟು ಸಾಕು. ಹತ್ತು ವರ್ಷ ಬಿಸಿಲು ತಿಂದ ಹಳೇ ಟೀಪಾಯಿಗೆ ಅದೇ ನಂಬರಿನ ಹೊಸ ಬಣ್ಣ ಬಳಿದರೆ ತೇಪೆ ಎದ್ದು ಕಾಣುತ್ತದೆ. ಆಗ ಬೇಕಾಗುವುದು ಪುಟ್ಟ ಬಾಟಲಿಯ ಬಣ್ಣದ ಸಾರ ಅಂದರೆ ಸ್ಟೇನರ್, ಒಂದು ಸಿರಿಂಜ್, ಜೊತೆಗೆ ಬೇಕಾದಷ್ಟು ತಾಳ್ಮೆ.

ಬಿಟಿಎಂ ಲೇಔಟಿನ ಬಾಡಿಗೆ ಮನೆಗೆ ಬಂದ ಸೆಕೆಂಡ್ ಹ್ಯಾಂಡ್ ಪುಸ್ತಕದ ಕಪಾಟಿಗೆ ಬೂದುಬಣ್ಣ ಬೇಕೆನ್ನಿ. ಬಿಳಿ ಎನಾಮೆಲ್‌ಗೆ ಕಪ್ಪು ಹಾಕಿದರಾಯಿತು ಎಂದುಕೊಂಡರೆ ಬರುವುದು ನೀಲಿ ಛಾಯೆಯ ತಣ್ಣನೆ ಬೂದು. ಯೆಲ್ಲೋ ಆಕ್ಸೈಡ್ ಕೆಲವು ಹನಿ, ರೆಡ್ ಆಕ್ಸೈಡ್ ಒಂದು ಹನಿ ಬಿದ್ದಾಗ ಅದಕ್ಕೆ ಬಿಸುಪು ಬರುತ್ತದೆ. ಹಳದಿಯನ್ನು ಗಾಢ ಮಾಡಲು ಕಪ್ಪು ಹಾಕಿದರೆ ಅದು ಪಾಚಿ ಹಸಿರಿಗೆ ತಿರುಗುತ್ತದೆ. ಅಲ್ಲಿ ಕಂದು ಸ್ಟೇನರ್ ಒಳ್ಳೆಯದು. ಹಸಿರು ಕಣ್ಣಿಗೆ ರಾಚಿದರೆ ತುಸು ಕೆಂಪು, ಕಿತ್ತಳೆ ರಾಚಿದರೆ ತುಸು ನೀಲಿ. ಯಾವಾಗಲೂ ತಿಳಿ ಬಣ್ಣಕ್ಕೆ ಗಾಢ ಬಣ್ಣವನ್ನು ಸೇರಿಸಬೇಕು. ತಿರುಗಾಮುರುಗಾ ಮಾಡಿದರೆ ಒಂದು ಲೋಟ ಗಾಢ ಬಣ್ಣವನ್ನು ತಿಳಿಯಾಗಿಸಲು ಡಬ್ಬಿಗಟ್ಟಲೆ ಬಿಳಿ ಸುರಿಯಬೇಕಾದೀತು. ಮೊದಲು 100 ಮಿಲಿಯಲ್ಲಿ ಪ್ರಯೋಗ. ಅದಕ್ಕೆ 1 ಮಿಲಿ ಹಿಡಿಸಿದರೆ ಲೀಟರಿಗೆ 10. ಸ್ಟೇನರ್ ಅತಿಯಾದರೆ ಬಣ್ಣ ಬೇಗ ಒಣಗುವುದಿಲ್ಲ.

ಡಬ್ಬಿಯೊಳಗೆ ಕಂಡದ್ದನ್ನು ನಂಬುವ ಹಾಗಿಲ್ಲ. ನೀರು ಬೆರೆಸುವ ಪೇಂಟ್ ಹಸಿಯಾಗಿದ್ದಾಗ ತಿಳಿಯಾಗಿಯೂ ಒಣಗಿದಾಗ ಗಾಢವಾಗಿಯೂ ಕಾಣುತ್ತದೆ. ಹಸಿಯಿರುವಾಗ ಹಾಲುಬಿಳುಪಾಗಿದ್ದ ಅದರ ಅಂಟು ಒಣಗಿದ ಮೇಲೆ ಪಾರದರ್ಶಕವಾಗುವುದೇ ಕಾರಣ. ಆದ್ದರಿಂದ ಪ್ರೈಮರ್ ಬಳಿದ ಪ್ಲೈವುಡ್ ತುಂಡಿಗೆ ಎರಡು ಕೋಟು ಹಚ್ಚಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಸಾಮಾನು ಇರುವ ಜಾಗದಲ್ಲೇ ಹಿಡಿದು ನೋಡಬೇಕು.

ಆ ಜಾಗದ ಮಾತೇ ಮುಖ್ಯ. ಮೂವತ್ತು–ನಲವತ್ತರ ಸೈಟುಗಳಲ್ಲಿ ಮನೆಗೂ ಮನೆಗೂ ನಡುವೆ ಕೈಚಾಚುವಷ್ಟೇ ಅಂತರ. ಪಕ್ಕದವರು ಗೋಡೆಗೆ ಗಿಳಿಹಸಿರು ಬಳಿದರೆ ಕಿಟಕಿಯಿಂದ ಒಳಬರುವ ಬೆಳಕೂ ಹಸಿರೇ; ಇತ್ತ ಕೆನೆಬಣ್ಣದ ಮೇಜಿಗೂ ಹಸಿರು ಹತ್ತುತ್ತದೆ. ಹಗಲಿನಲ್ಲಿ ಹೊಂದಿದ ಎರಡು ಬಣ್ಣಗಳು ರಾತ್ರಿ ಎಲ್‌ಇಡಿ ಬಲ್ಬಿನಡಿ ಬೇರೆಬೇರೆಯಾಗಿ ಕಾಣುವುದೂ ಉಂಟು. 6500 ಕೆಲ್ವಿನ್ ಬೆಳ್ಳನೆ ಬೆಳಕಿನಲ್ಲೂ 3000 ಕೆಲ್ವಿನ್ ಹಳದಿ ಬೆಳಕಿನಲ್ಲೂ ಒಮ್ಮೊಮ್ಮೆ ನೋಡಿದರೆ ದುಡ್ಡು ಉಳಿಯುತ್ತದೆ.

ಹಳೇ ಪದರವನ್ನು ಉಜ್ಜುವಾಗ ಎಚ್ಚರ ಬೇಕು. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ. ನೀರು ಹಚ್ಚಿ ಉಜ್ಜಿದರೆ ಧೂಳು ಏಳುವುದಿಲ್ಲ. ಮಕ್ಕಳನ್ನು ಹತ್ತಿರ ಬಿಡಬಾರದು.

ಜಡಿಮಳೆಯ ದಿನಗಳಲ್ಲಿ ಪಾಲಿಶ್ ಕೆಲಸ ಮುಂದೂಡುವುದು ಲೇಸು. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಬಿಳಿ ಮಸುಕು ಕಟ್ಟುತ್ತದೆ. ದಸರಾ ಗೊಂಬೆ ಕೂರಿಸುವುದರೊಳಗೆ ಮುಗಿಸಬೇಕೆಂದರೆ ಬಿಸಿಲು ಬಿದ್ದ ಮಧ್ಯಾಹ್ನಗಳನ್ನೇ ನೋಡಿಕೊಂಡು ಒಂದೊಂದು ಕೋಟು ಎಳೆಯಬೇಕು. ಉಳಿದ ಬಣ್ಣವನ್ನು ಪುಟ್ಟ ಬಾಟಲಿಗೆ ತುಂಬಿ, ಯಾವುದು ಎಷ್ಟು ಮಿಲಿ ಎಂಬ ಚೀಟಿ ಅಂಟಿಸಿಟ್ಟರೆ ಮುಂದಿನ ಗೀರಿಗೆ ಮತ್ತೆ ಅಂಗಡಿ ಸುತ್ತಬೇಕಿಲ್ಲ.