ದಕ್ಷಿಣದ ಆಕಾಶಕ್ಕೊಂದು ಕಮಾಂಡ್

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಪೂಜಿಸುವ ಕ್ಷೇತ್ರ. ಹಿಂದೆ ಬಂಜಾರರು ಎತ್ತುಗಳ ಮೇಲೆ ಧಾನ್ಯವನ್ನು ಹೇರಿಕೊಂಡು ಮೊಗಲರ ದಂಡುಗಳಿಗೂ ಒದಗಿಸುತ್ತಿದ್ದರು. ದಂಡಿನ ವೇಗ ಎತ್ತಿನ ನಡೆಯನ್ನು ಮೀರುತ್ತಿರಲಿಲ್ಲ. ರಾಜಧಾನಿಯಿಂದ ಅಪ್ಪಣೆ ಬರಲು ದಿನಗಳೇ ಹಿಡಿದರೂ ಕೆಲಸ ಕೆಡುತ್ತಿರಲಿಲ್ಲ. ಇಂದಾದರೋ ಗಂಟೆಗೆ 900 ಕಿಲೋಮೀಟರು ವೇಗದ ವಿಮಾನವು ಒಂದೇ ನಿಮಿಷದಲ್ಲಿ 15 ಕಿಲೋಮೀಟರು ಸಾಗಿಬಿಡುತ್ತದೆ. ಅದು ಶತ್ರುವಿಮಾನವಾದರೆ, ಎದುರಿಸುವ ನಿರ್ಧಾರವನ್ನು ಯಾರು ಕೈಗೊಳ್ಳಬೇಕು? ಎಲ್ಲಿ ಕುಳಿತು?

ಇಲ್ಲಿ ಸ್ವಲ್ಪ ಲೆಕ್ಕಾಚಾರ ಅಗತ್ಯ. ರೇಡಾರಿನ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ, ಭೂಮಿಯೋ ಗೋಳಾಕಾರದ್ದು. ಆದುದರಿಂದ ನೆಲದ ಮೇಲಿನ ರೇಡಾರಿಗೆ 10,000 ಮೀಟರು ಎತ್ತರದ ವಿಮಾನವು ಸುಮಾರು 400 ಕಿಲೋಮೀಟರು ದೂರದಲ್ಲಿಯೇ ಗೋಚರಿಸಬಹುದು. 100 ಮೀಟರು ಎತ್ತರದಲ್ಲಿ ಬರುವುದು 40 ಕಿಲೋಮೀಟರು ಸಮೀಪಿಸುವವರೆಗೂ ಮರೆಯಲ್ಲಿರುತ್ತದೆ. ಮೊದಲನೆಯದಕ್ಕೆ ಸುಮಾರು 26 ನಿಮಿಷಗಳ ಕಾಲಾವಕಾಶ. ಎರಡನೆಯದಕ್ಕೆ ಮೂರು ನಿಮಿಷವೂ ಇಲ್ಲ! ರೇಡಾರನ್ನೇ ವಿಮಾನದ ಮೇಲೇರಿಸುವುದು ಇದಕ್ಕೊಂದು ಪರಿಹಾರ. ಬೆಂಗಳೂರಿನ ವಿಜ್ಞಾನಿಗಳು ರೂಪಿಸಿದ 'ನೇತ್ರ' ಅಂತಹುದು. ಆದರೆ ಕಣ್ಣು ದೂರ ಕಂಡಮಾತ್ರಕ್ಕೆ ಸಾಲದು, ಕೈ ಹತ್ತಿರವಿರಬೇಕು.

ಆದಕಾರಣ ಭಾರತೀಯ ವಾಯುಪಡೆಯು ದೇಶದ ಆಕಾಶವನ್ನು ಐದು ಪ್ರಾದೇಶಿಕ ಕಮಾಂಡುಗಳಿಗೆ ಹಂಚಿದೆ. ದೆಹಲಿ, ಗಾಂಧಿನಗರ, ಪ್ರಯಾಗರಾಜ್, ಶಿಲ್ಲಾಂಗ್ ಮತ್ತು ತಿರುವನಂತಪುರಗಳು ಅವುಗಳ ಕೇಂದ್ರಗಳು. ಒಂದೊಂದಕ್ಕೂ ಏರ್ ಮಾರ್ಷಲ್ ದರ್ಜೆಯ ಅಧಿಕಾರಿಯೊಬ್ಬನು ಮುಖ್ಯಸ್ಥ. ಬೆಂಗಳೂರಿನಲ್ಲಿರುವುದು ತರಬೇತಿ ಕಮಾಂಡ್. ಅದರ ಎಲ್ಲೆ ಪ್ರದೇಶವಲ್ಲ, ಕೆಲಸ. ಬೀದರಿನಲ್ಲಿ ಹಾಕ್ ವಿಮಾನಗಳ ಮೇಲೆ ಯುದ್ಧವಿಮಾನದ ಚಾಲಕರು ಪಳಗುವುದು ಅದರ ಅಧೀನದಲ್ಲಿಯೇ. ನಾಗಪುರದ ನಿರ್ವಹಣಾ ಕಮಾಂಡೂ ಇದೇ ಜಾತಿಯದು.

ಐದರಲ್ಲಿ ಕಿರಿಯವುಗಳಲ್ಲೊಂದಾದ ದಕ್ಷಿಣ ಕಮಾಂಡ್ 1984ರ ಜುಲೈ 19ರಂದು ಸ್ಥಾಪಿತವಾಯಿತು. ಉತ್ತರದ ಕಮಾಂಡುಗಳ ಮುಂದೆ ಪರ್ವತ, ಮರುಭೂಮಿಗಳಿದ್ದರೆ ಇದರ ಮುಂದಿರುವುದು ಸಮುದ್ರ. ಸಮುದ್ರದಲ್ಲಿ ಗಡಿಕಂಬವೂ ಇಲ್ಲ, ರೇಡಾರನ್ನು ನಿಲ್ಲಿಸಲು ಗುಡ್ಡವೂ ಇಲ್ಲ! ದೂರ ಹಾರಬಲ್ಲ ವಿಮಾನವೇ ಇಲ್ಲಿ ಕಾವಲುಗಾರ. ಬೆಂಗಳೂರಿನಲ್ಲಿ 2016ರ ಜುಲೈ 1ರಂದು ರೂಪುಗೊಂಡ ಮೊದಲ ತೇಜಸ್ ದಳವು 2018ರಲ್ಲಿ ಕೊಯಮತ್ತೂರಿನ ಬಳಿಯ ಸೂಲೂರಿಗೆ ತೆರಳಿತು. ಎರಡನೆಯದು 2020ರ ಮೇ 27ರಂದು ಅಲ್ಲಿಯೇ ಆರಂಭವಾಯಿತು. ಅದೇ ವರ್ಷದ ಜನವರಿ 20ರಂದು ತಂಜಾವೂರಿಗೆ ಸುಖೋಯ್-30 ವಿಮಾನಗಳ ದಳ ಬಂದಿತು. ಈ ವಿಮಾನದ ಹೊಟ್ಟೆಯಡಿ ಹೊರುವ ಬ್ರಹ್ಮೋಸ್ ಕ್ಷಿಪಣಿಯ ತೂಕ ಸುಮಾರು 2,500 ಕಿಲೋಗ್ರಾಂ. ಇಷ್ಟು ಭಾರ ಹೊತ್ತು ನಡುಗಡಲಿಗೆ ಹೋಗಿ ಮರಳಬೇಕಾದರೆ ಇಂಧನವೇ ಪ್ರಶ್ನೆ. ಅದನ್ನು ಹಾರಾಟದಲ್ಲಿಯೇ ಕೊಳವೆಯ ಮೂಲಕ ತುಂಬಿಸಲು ಇಲ್ಯೂಷಿನ್-78 ಎಂಬ ತೈಲವಾಹಕ ವಿಮಾನವು ಜೊತೆಗೆ ಹೋಗುತ್ತದೆ.