ಮೃದುವು ಗಡುಸಾದಾಗ: ಅಡಕೆ ಮತ್ತು ಬಾಯಿ

ಮೂಳೆ, ಹಲ್ಲುಗಳು ಗಟ್ಟಿಯಾಗಿರಬೇಕು. ಕೆನ್ನೆ, ನಾಲಗೆ, ತುಟಿಗಳು ಮೃದುವಾಗಿರಬೇಕು. ಮೃದುವಾಗಿರಬೇಕಾದ ಅಂಗಾಂಶವು ರೋಗದಿಂದ ಗಡುಸಾಗುವುದಕ್ಕೆ ವೈದ್ಯಶಾಸ್ತ್ರದಲ್ಲಿ ‘ಸ್ಕ್ಲೀರೋಸಿಸ್’ ಎಂದು ಹೆಸರು. ‘ಗಟ್ಟಿ’ ಎಂಬ ಅರ್ಥದ ಗ್ರೀಕ್ ಪದವೇ ಅದರ ಮೂಲ. ಕನ್ನಡದಲ್ಲಿ ‘ಕಾಠಿಣ್ಯ’ ಎನ್ನಬಹುದು. ರಕ್ತನಾಳ, ಚರ್ಮ, ನರವ್ಯೂಹಗಳಲ್ಲಿಯೂ ಇದು ತಲೆದೋರುತ್ತದೆ. ಅಡಕೆಯನ್ನು ಬೆಳೆಯುವ ಮತ್ತು ಮೆಲ್ಲುವ ಕಾಸರಗೋಡಿನಂತಹ ನಾಡಿನವರು ವಿಶೇಷವಾಗಿ ಅರಿಯಬೇಕಾದುದು ಬಾಯಿಯ ಕಾಠಿಣ್ಯವನ್ನು.

ಇದರ ವೈದ್ಯಕೀಯ ನಾಮ ‘ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್’. ಎಂದರೆ ಬಾಯಿಯ ಒಳಪೊರೆಯ ಅಡಿಯಲ್ಲಿ ನಾರುಗಟ್ಟುವಿಕೆ. 1952ರಲ್ಲಿ ಪೂರ್ವ ಆಫ್ರಿಕದಲ್ಲಿ ನೆಲಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಗುರುತಿಸಲಾಯಿತು. ಮರುವರ್ಷ ಭಾರತದಲ್ಲಿ ಎಸ್. ಜಿ. ಜೋಶಿಯವರು ಇದನ್ನು ವಿವರಿಸಿದರು.

ಅಂಗಾಂಶಕ್ಕೆ ಆಧಾರವಾದ ನಾರು ಕೊಲ್ಯಾಜನ್. ಆರೋಗ್ಯವಂತ ದೇಹದಲ್ಲಿ ಅದರ ಹುಟ್ಟಿಗೂ ಅಳಿವಿಗೂ ಸಮತೋಲನವಿರುತ್ತದೆ. ಅಡಕೆಯ ಅರೆಕೊಲಿನ್ ಅದರ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಅಡಕೆಯ ತಾಮ್ರಾಂಶವು ನಾರುಗಳನ್ನು ಪರಸ್ಪರ ಬೆಸೆಯುವ ಕ್ರಿಯೆಗೆ ಇಂಬುಗೊಡುತ್ತದೆ. ಒಗರಿಗೆ ಕಾರಣವಾದ ಟ್ಯಾನಿನ್ ಅವು ಕರಗದಂತೆ ತಡೆಯುತ್ತದೆ. ಹೀಗೆ ಕೂಡಿದ ನಾರು ಪಟ್ಟಿಗಟ್ಟುತ್ತದೆ.

ಮೊದಲ ಸೂಚನೆ ಖಾರ ತಾಗಿದಾಗ ಬಾಯುರಿ. ಬಳಿಕ ಒಳಗೆನ್ನೆ ಬಿಳಿಚಿಕೊಳ್ಳುತ್ತದೆ, ಬಾಯಿ ತೆರೆಯುವ ಅಳತೆ ಕುಗ್ಗುತ್ತದೆ. ಸಾಮಾನ್ಯವಾಗಿ ಮೂರು ಬೆರಳುಗಳಿಗೆ ಎಡೆಕೊಡುವ ಬಾಯಿ ಒಂದು ಬೆರಳಿಗೂ ತೆರೆಯದಿರಬಹುದು. ಮೃದು ಅಂಗುಳ ಬಿಗಿದರೆ ಮಾತಿಗೂ ಕುತ್ತು. ‘ಬ’ಕಾರ, ‘ದ’ಕಾರಗಳನ್ನು ಉಚ್ಚರಿಸುವಾಗ ಅದು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಬೇಕು. ಮುಚ್ಚದಿದ್ದರೆ ಅವು ‘ಮ’ಕಾರ, ‘ನ’ಕಾರಗಳತ್ತ ವಾಲುತ್ತವೆ. ವ್ಯಾಕರಣದ ಅನುನಾಸಿಕ ವಿವೇಚನೆಗೆ ದೇಹದಲ್ಲಿರುವ ಆಧಾರ ಇದೇ.

ಹೊಗೆಸೊಪ್ಪನ್ನು ಬಿಟ್ಟರೆ ಎಲೆಯಡಕೆ ನಿರಪಾಯಕರವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಈ ರೋಗಕ್ಕೆ ಮುಖ್ಯ ಕಾರಣ ಅಡಕೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪಿಲ್ಲದ ಎಲೆಯಡಕೆಯನ್ನೂ ಅಡಕೆಯನ್ನೂ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು. ನಾರುಗಟ್ಟಿದ ಬಾಯಿಯು ಕ್ಯಾನ್ಸರಿಗೆ ಎಡೆಯಾಗುವ ಅಪಾಯವೂ ಉಂಟು. ಒಣ ಅಡಕೆಯ ಚೂರುಗಳಿಂದ ತುಂಬಿದ, ಬೇಕೆಂದಾಗಲೆಲ್ಲ ಬಾಯಿಗೆ ಸುರಿದುಕೊಳ್ಳಬಹುದಾದ ಪೊಟ್ಟಣಗಳು ಎಳೆಯರನ್ನೂ ಈ ರೋಗಕ್ಕೆ ಈಡುಮಾಡಿವೆ.

ಗಟ್ಟಿಯಾದ ನಾರನ್ನು ಪೂರ್ಣವಾಗಿ ಮೊದಲಿನಂತಾಗಿಸುವ ಔಷಧವಿಲ್ಲ. ಬಾಯಿ ತೆರೆಯುವ ವ್ಯಾಯಾಮ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆಗಳು ತಕ್ಕಮಟ್ಟಿಗೆ ನೆರವಾಗುತ್ತವೆ. ಅಡಕೆಯನ್ನು ತೊರೆಯದೆ ಅವು ಫಲಿಸುವುದು ಕಷ್ಟ. ತಾಂಬೂಲವು ಮಂಗಳದ ಸಂಕೇತವಾಗಿ ತಟ್ಟೆಯಲ್ಲಿ ಉಳಿಯಲಿ. ಖಾರಕ್ಕೆ ಬಾಯಿ ಉರಿಯತೊಡಗಿದವರು ಮೆಲ್ಲುವುದನ್ನು ಅಂದೇ ನಿಲ್ಲಿಸಿ ದಂತವೈದ್ಯರನ್ನು ಕಾಣುವುದು ಲೇಸು.